ಸಾಲಿನ ತುದಿಯ ಎಲೆ

ಪಾಲಿಕೆಯ ಆದೇಶ ಕಾಗದದಲ್ಲಿ ಎಷ್ಟೇ ಗುಡುಗಲಿ, ಓಣಿಗೆ ಬರುವಷ್ಟರಲ್ಲಿ ಅದರ ದನಿ ಇಳಿದಿರುತ್ತದೆ ಎಂಬುದು ಧರ್ಮಪಾಲನ ನಂಬಿಕೆ. ಆಗಸ್ಟ್ ಹದಿನೈದರಂದು ಕಲ್ಯಾಣ, ಡೊಂಬಿವಲಿಗಳಲ್ಲಿ ಕೋಳಿ, ಕುರಿ ಅಂಗಡಿಗಳೆಲ್ಲ ಬಂದ್ ಎಂದು ಟೀವಿಯಲ್ಲಿ ಬಂದಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಥಾಣೆಯ ಲಂಚ್ ಹೋಮೊಂದರಲ್ಲಿ ಅಡುಗೆಯವನಾಗಿ ಒಲೆಯೆದುರು ತಲೆಗೂದಲು ನೆರೆಯುವವರೆಗೆ ನಿಂತವನು, ಇಂಥ ಬಂದ್‌ಗಳನ್ನು ಎಷ್ಟು ನೋಡಿಲ್ಲ? ಮುಂದಿನ ಶಟರ್ ಅರ್ಧ ಇಳಿದಿರುತ್ತದೆ, ಹಿಂದಿನ ಬಾಗಿಲು ಪೂರ್ತಿ ತೆರೆದಿರುತ್ತದೆ, ಗುರುತಿನವರಿಗೆ ಕೋಳಿ ಸಿಗುತ್ತದೆ, ದೇಶವೂ ಸ್ವತಂತ್ರವಾಗಿಯೇ ಇರುತ್ತದೆ.

ಆದರೆ ಆ ಶುಕ್ರವಾರ ಬೆಳಿಗ್ಗೆ ಕೊಡೆ ಹಿಡಿದು ಡೊಂಬಿವಲಿಯ ತನ್ನ ಓಣಿಯ ಕೋಳಿ ಅಂಗಡಿಗೆ ಹೋಗಿ ನೋಡಿದರೆ ಶಟರ್ ನೆಲ ಕಚ್ಚಿತ್ತು. ಹಿಂದಿನ ಬಾಗಿಲಿಗೂ ಬೀಗ. ಎದುರಿನ ಚಹಾ ಗಾಡಿಯ ತಾಡಪತ್ರಿಯ ಕೆಳಗೆ ಇಬ್ಬರು ಪೊಲೀಸರು ಮಳೆಗೆ ಮೈ ತಪ್ಪಿಸಿಕೊಂಡು ನಿಂತಿದ್ದರು. ಸ್ವಲ್ಪ ಆಚೆ ಒಂದು ಗುಂಪು, ನಮ್ಮ ತಟ್ಟೆಗೆ ಕೈ ಹಾಕಬೇಡಿ ಎಂದು ಮರಾಠಿಯಲ್ಲಿ ಕೂಗುತ್ತಿತ್ತು. ಅವರ ಮಾತು ಹಿಡಿಯಲು ಬಂದಿದ್ದ ಚಾನೆಲ್ಲಿನ ಹುಡುಗಿಯೊಬ್ಬಳು ಧರ್ಮಪಾಲನ ಮೂತಿಗೂ ಮೈಕು ಹಿಡಿದು, ಜನ ಮಾಂಸ ತಿನ್ನುವುದನ್ನು ಬಿಡಬೇಕೋ ಬೇಡವೋ, ಅಂಕಲ್ ಏನನ್ನುತ್ತೀರಿ ಎಂದು ಕೇಳಿದಳು. ಧರ್ಮಪಾಲ ಖಾಲಿ ಚೀಲವನ್ನು ಬೆನ್ನ ಹಿಂದೆ ಮಾಡಿಕೊಂಡು, ನನಗೆ ಗಾಡಿ ತಪ್ಪುತ್ತದೆ ಎಂದು ಹೇಳಿ ಸ್ಟೇಷನ್ ಕಡೆ ನಡೆದ.

ನಾಳೆಗೆ ಹಾಕೋಣವೆಂದರೆ ಆಗುವ ಕೆಲಸವಲ್ಲ ಅದು. ತುಳುನಾಡಿನವರಿಗೆ ಆಟಿ ಎಂದರೆ ಸತ್ತವರ ತಿಂಗಳು. ಜಡಿಮಳೆಯ ಆ ದಿನಗಳಲ್ಲಿ ಮದುವೆ ಮುಂಜಿಗಳನ್ನೆಲ್ಲ ಬದಿಗಿಟ್ಟು, ಮನೆಯಿಂದ ಹೋದ ಜೀವಗಳಿಗೆ ಒಂದು ಸಂಜೆ ಕರೆದು ಬಡಿಸುತ್ತಾರೆ. ಗೋಡೆಯುದ್ದಕ್ಕೆ ಬಾಳೆ ಎಲೆಗಳ ಸಾಲು, ಒಬ್ಬೊಬ್ಬರಿಗೂ ಒಂದೊಂದು. ಅನ್ನ, ಪುಂಡಿಯೆಂಬ ಅಕ್ಕಿಯ ಕಡುಬು, ಗಸಿಯೆಂಬ ಊರ ಕೋಳಿಯ ಗಟ್ಟಿ ಸಾರು, ಹುರಿದ ಮೀನು, ಕುಡಿಯುತ್ತಿದ್ದವರಿಗೆ ಬದಿಯಲ್ಲೊಂದು ಲೋಟ. ಬಡಿಸಿದ ಮೇಲೆ ಮನೆಯವರು ಬಾಗಿಲೆಳೆದುಕೊಂಡು ಹೊರಗೆ ನಿಲ್ಲಬೇಕು. ಅವರು ಬಂದು ಉಂಡು ಹೋದ ಮೇಲೆ ಒಳಗೆ ಬಂದು ಅದೇ ಎಲೆಗಳಲ್ಲಿ ಇವರು ಉಣ್ಣಬೇಕು. ಆಟಿ ಇನ್ನೇನು ಮುಗಿದುಹೋಗುವುದರಲ್ಲಿತ್ತು, ಬಡಿಸುವ ಮಂಗಳವಾರ ಶುಕ್ರವಾರಗಳಲ್ಲಿ ಇದೇ ಕೊನೆಯದು.

ಇಷ್ಟು ದಿನ ಏನು ಮಾಡುತ್ತಿದ್ದರು ಎಂದು ಕೇಳಿದರೆ ಧರ್ಮಪಾಲನೂ ಹೆಂಡತಿ ಬಾಗಿಯೂ ಬೇರೆ ಕಡೆ ನೋಡುತ್ತಾರೆ. ಈ ಸಲ ಸಾಲಿನ ತುದಿಗೆ ಹೊಸ ಎಲೆಯೊಂದನ್ನು ಹಾಕಬೇಕಿತ್ತು. ಅದು ಮಗ ಮನೀಶನದು. ಕಳೆದ ದೀಪಾವಳಿಯ ಬೆನ್ನಲ್ಲೇ ಬಂದ ಡೆಂಗಿ, ಮದುವೆಯ ಮಾತು ನಡೆಯುತ್ತಿದ್ದ ಹುಡುಗನನ್ನು ವಾರ ತುಂಬುವುದರೊಳಗೆ ಒಯ್ದುಬಿಟ್ಟಿತು. ಆ ಮನೀಶ ತನ್ನ ಬದುಕಿನ ಕೊನೆಯ ಎರಡು ವರ್ಷ ಕೋಳಿ, ಮೀನು ಒಂದನ್ನೂ ಮುಟ್ಟಿರಲಿಲ್ಲ. ಅವನ ಎಲೆಗೆ ಏನು ಬಡಿಸುವುದು? ಈ ಒಂದು ಪ್ರಶ್ನೆಯನ್ನು ಬಾಯಿಬಿಟ್ಟು ಆಡಲು ಧೈರ್ಯವಿಲ್ಲದೆ ಇಬ್ಬರೂ ಮುಂದಿನ ಶುಕ್ರವಾರ, ಮುಂದಿನ ಮಂಗಳವಾರ ಎಂದು ದೂಡುತ್ತ ಬಂದಿದ್ದರು.

ಹುಡುಗ ಹಾಗಾದದ್ದು ಯಾವ ಗುರುವಿನ ಉಪದೇಶದಿಂದಲೂ ಅಲ್ಲ. ಒಂದು ಮಳೆಗಾಲ ಕಲ್ಯಾಣದ ಹತ್ತಿರ ರಸ್ತೆಗೆ ನೀರು ನುಗ್ಗಿ ಕೋಳಿ ತುಂಬಿದ ಟೆಂಪೊ ಒಂದು ಸಿಕ್ಕಿಹಾಕಿಕೊಂಡಿತ್ತಂತೆ. ಲ್ಯಾಬಿನ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ಮನೀಶ ಸೊಂಟದ ತನಕ ನೀರಲ್ಲಿಳಿದು ಡ್ರೈವರನ ಜೊತೆ ಸೇರಿ ಆದಷ್ಟು ಪಂಜರಗಳನ್ನು ಮೇಲೆತ್ತಿದ. ಕೆಳಗಿನ ಸಾಲಿನವು ಕೈಗೆ ಸಿಗಲಿಲ್ಲ. ಮನೆಗೆ ಬಂದು ಮೈ ಒರೆಸಿಕೊಂಡು ತಟ್ಟೆಯ ಮುಂದೆ ಕೂತವನು, ನಂಗೆ ಬೇಡ ಅಮ್ಮ ಎಂದ. ಧರ್ಮಪಾಲ ಅದನ್ನು ಶೀತ ನೆಗಡಿಯ ಹಾಗೆ ಎಣಿಸಿದ, ವಾರದಲ್ಲಿ ಬಿಡುತ್ತದೆ. ಮೀನಿನ ಸಾರಿನ ಪಾತ್ರೆಯ ಮುಚ್ಚಳವನ್ನು ಬೇಕೆಂದೇ ಮಗನ ಮೂಗಿನ ಹತ್ತಿರ ತೆಗೆಯುವುದು, ಏನು ಸ್ವಾಮಿಗಳೇ, ಮಠ ಎಲ್ಲಿ ಕಟ್ಟಿಸುತ್ತೀರಿ ಎಂದು ಕೆಣಕುವುದು. ಮನೀಶ ನಗುತ್ತಿದ್ದ, ತಿನ್ನುತ್ತಿರಲಿಲ್ಲ.

ಅಷ್ಟೇ ಆಗಿದ್ದರೆ ನಗೆಯಲ್ಲೇ ಕಳೆದುಹೋಗುತ್ತಿತ್ತು. ಡೊಂಬಿವಲಿಯ ಕನ್ನಡ ಸಂಘದವರು ‘ಮಾಂಸಾಹಾರ ಬಿಡಬೇಕೇ?’ ಎಂದು ಒಂದು ಚರ್ಚೆ ಇಟ್ಟರು. ಇಲ್ಲೇ ಹುಟ್ಟಿ ಬೆಳೆದು, ಅರ್ಧ ಕನ್ನಡ ಅರ್ಧ ಹಿಂದಿ ಆಡುವ ಮನೀಶ ವಾರಗಟ್ಟಲೆ ಅಮ್ಮನೆದುರು ಅಭ್ಯಾಸ ಮಾಡಿ ಬಿಡಬೇಕು ಎನ್ನುವ ಕಡೆ ಮಾತಾಡಿದ. ಹಿಂದಿನ ಸಾಲಿನಲ್ಲಿ ಕೂತಿದ್ದ ಧರ್ಮಪಾಲನಿಗೆ ಒಳಗೊಳಗೇ ಹೆಮ್ಮೆ, ಯಾರ ಮಗ ಎಂದು ಪಕ್ಕದವರು ಕೇಳಲಿ ಎಂಬ ಆಸೆ. ಪ್ರಶ್ನೆ ಕೇಳುವ ಹೊತ್ತು ಬಂದಾಗ ಅವನಿಗೆ ತಡೆಯಲಾಗಲಿಲ್ಲ. ಎದ್ದು ನಿಂತ.

“ನನ್ನ ಮಗ ಕೋಳಿ ಮುಟ್ಟುದಿಲ್ಲ. ನಾಳೆ ನಾನು ಸತ್ತರೆ ನಂಗೆ ಆಟಿಯಲ್ಲಿ ಬಡಿಸುವವರು ಯಾರು?”

ಕೇಳಿದ್ದು ತಮಾಷೆಯ ದನಿಯಲ್ಲಿ. ಆದರೆ ರಾತ್ರಿಯೆಲ್ಲ ಅವನನ್ನು ಕಾಡುತ್ತಿದ್ದ ಪ್ರಶ್ನೆ ಅದೇ ಆಗಿತ್ತು. ರುಚಿ, ಆರೋಗ್ಯ, ಪಾಪ, ಪುಣ್ಯ ಇವುಗಳ ಗೊಡವೆ ಅವನಿಗಿರಲಿಲ್ಲ. ಸತ್ತ ಮೇಲೆ ಮನೆಯ ಬಾಗಿಲಿಗೆ ಬಂದು ಹಸಿದು ಹಿಂದೆ ಹೋಗಬೇಕಾದೀತೇ ಎಂಬುದಷ್ಟೇ ಅವನ ಭಯ.

ಮನೀಶ ಮೈಕಿನಲ್ಲಿ ಹೇಳಿದ, “ಪಪ್ಪಾ, ಸತ್ತವರಿಗೆ ಹಸಿವಾಗುದಿಲ್ಲ. ಸಾಯುವ ಕೋಳಿಗೆ ನೋವಾಗ್ತದೆ.”

ಸಭೆ ಚಪ್ಪಾಳೆ ತಟ್ಟಿತು, ಕೆಲವರು ಹಿಂದಕ್ಕೆ ತಿರುಗಿ ಧರ್ಮಪಾಲನನ್ನು ನೋಡಿ ನಕ್ಕರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಅವತ್ತಿನಿಂದ ಅವನು ಮಗನ ಜೊತೆ ಮಾತು ಬಿಟ್ಟ, ಅಷ್ಟೇ ಅಲ್ಲ, ನನ್ನ ಪಕ್ಕ ಕೂತು ಉಣ್ಣುವುದು ಬೇಡ ಎಂದು ಬಾಗಿಯ ಮೂಲಕ ಹೇಳಿಸಿದ. ಹುಡುಗ ವಾದ ಮಾಡಲಿಲ್ಲ. ಅಪ್ಪ ಬರುವ ಮೊದಲೇ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರಿನ ಪಕ್ಕದ ಮಣೆಯ ಮೇಲೆ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬನೇ ಉಂಡು ಏಳತೊಡಗಿದ. ತಿಂಗಳುಗಳು ಹಾಗೇ ಕಳೆದವು.

ಮಾತು ಮತ್ತೆ ಶುರುವಾದದ್ದು ಆಸ್ಪತ್ರೆಯಲ್ಲಿ. ಜ್ವರ ಸ್ವಲ್ಪ ಇಳಿದಿದ್ದ ಒಂದು ಸಂಜೆ ಮನೀಶನೇ ಕರೆದು, ಇಲ್ಲಿನ ಊಟ ಗಂಟಲಲ್ಲಿ ಇಳಿಯುದಿಲ್ಲ ಪಪ್ಪಾ, ನಾಳೆ ನೀವೇ ಎಂತಾದ್ರೂ ಮಾಡಿ ತನ್ನಿ ಎಂದ. ಧರ್ಮಪಾಲನ ಎದೆ ತುಂಬಿ ಬಂತು. ತುಂಬಿ ಬಂದದ್ದನ್ನು ತೋರಿಸಿಕೊಳ್ಳಲು ಬಾರದ ಗಂಡಸು ಅವನು. ನಿನ್ನ ಸೊಪ್ಪು ಸದೆ ಬೇಯಿಸ್ಲಿಕ್ಕೆ ನಂಗೆ ಬರುದಿಲ್ಲ ಎಂದುಬಿಟ್ಟ. ಮಗ ಸಣ್ಣಗೆ ನಕ್ಕು ಗೋಡೆಯ ಕಡೆ ತಿರುಗಿದ. ಮರುದಿನ ಬೆಳಗಾದದ್ದೇ ಧರ್ಮಪಾಲ ಮಾರುಕಟ್ಟೆಗೆ ಹೋಗಿ ಎಳೆಯ ತೊಂಡೆಕಾಯಿ ಆರಿಸಿ ತಂದ. ತೊಳೆದು ಒಲೆ ಹಚ್ಚುವಷ್ಟರಲ್ಲಿ ಆಸ್ಪತ್ರೆಯಿಂದ ಫೋನು ಬಂತು, ಐಸಿಯುಗೆ ಹಾಕಿದ್ದಾರೆ ಎಂದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ತೊಂಡೆಕಾಯಿ ಫ್ರಿಜ್ಜಿನಲ್ಲೇ ಹಣ್ಣಾಗಿ ಕೆಂಪಗಾಗಿ ಕೊಳೆಯಿತು. ಅದನ್ನು ಎಸೆಯಲು ಮನೆಯಲ್ಲಿ ಯಾರಿಗೂ ಕೈ ಬರಲಿಲ್ಲ.

ಈಗ ಖಾಲಿ ಚೀಲ ಹಿಡಿದು ಸ್ಟೇಷನ್ನಿನಲ್ಲಿ ನಿಂತು ಅವನು ಮಗಳು ನಿಶ್ಮಿತಾಳಿಗೆ ಫೋನು ಮಾಡಿದ. ಅವಳು ಮದುವೆಯಾಗಿ ನೆರೂಳದಲ್ಲಿದ್ದಾಳೆ. ಸಂಜೆ ಬಡಿಸುವುದಕ್ಕೆ ಬರುವವಳಿದ್ದಳು. ನಮ್ಮ ಸೆಕ್ಟರಿನಲ್ಲಿ ಎಲ್ಲ ತೆರೆದಿದೆ, ನಾನೇ ಕತ್ತರಿಸಿದ್ದು ತರುತ್ತೇನೆ ಎಂದಳು. ಪ್ಲಾಸ್ಟಿಕ್ ಡಬ್ಬಿಯ ಕೋಳಿ ಹಿರಿಯರಿಗೆ ಬೇಡ ಎಂದ ಧರ್ಮಪಾಲ. ಮನೆಯ ಯಜಮಾನ ಜೀವಂತ ಹುಂಜವನ್ನು ತಾನೇ ನೋಡಿ ಆರಿಸಿ ತರಬೇಕು, ತಲೆ ಕಾಲು ಸಮೇತ. ಅವನ ಅಪ್ಪ ಹಾಗೆ ಮಾಡುತ್ತಿದ್ದ. ಆಮೇಲೆ ನಿಶ್ಮಿತಾ ಹಿಂದಿಯಲ್ಲಿ ಕೇಳಿದಳು, ಪಪ್ಪಾ, ಮನೀಶನಿಗೂ ಅದನ್ನೇ ಹಾಕುತ್ತೀರಾ? ಗಾಡಿ ಬಂತು ಎಂದು ಧರ್ಮಪಾಲ ಫೋನು ಇಟ್ಟ. ಗಾಡಿ ಇನ್ನೂ ಬಂದಿರಲಿಲ್ಲ.

ಹಾಕಲೇಬೇಕು ಎಂಬುದು ಅವನ ಮನಸ್ಸು. ಅದು ಹಟವೆಂದು ಬಾಗಿ ತಿಳಿದಿದ್ದಳು. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇವರದು ಎಂದು ಅವಳು ಹೇಳುವುದುಂಟು. ಆದರೆ ಅವನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆಯೇ. ಹೊಸದಾಗಿ ಸತ್ತವರನ್ನು ಹಿರಿಯರ ಸಾಲಿಗೆ ಸೇರಿಸಬೇಕಾದರೆ ಹಿರಿಯರು ಉಂಡದ್ದನ್ನೇ ಅವರೂ ಉಣ್ಣಬೇಕು ಎಂದು ಅವನು ಚಿಕ್ಕಂದಿನಲ್ಲಿ ಕೇಳಿದ್ದ. ಬೇರೆ ಬಡಿಸಿದರೆ ಸಾಲಿನಿಂದ ಹೊರಗೇ ಉಳಿಯುತ್ತಾರಂತೆ. ಬದುಕಿದ್ದಾಗ ಆ ಹುಡುಗನನ್ನು ಪಂಕ್ತಿಯಿಂದ ಎಬ್ಬಿಸಿ ಸಿಲಿಂಡರಿನ ಪಕ್ಕ ಕೂರಿಸಿದ್ದು ತಾನು. ಅಲ್ಲಿಯಾದರೂ ಅವನು ಅಜ್ಜ ಅಜ್ಜಿಯ ಪಕ್ಕ ಕೂರಲಿ, ಒಂಟಿಯಾಗಿ ಉಣ್ಣುವುದು ಬೇಡ. ಇದನ್ನು ಯಾರಿಗೆ ಹೇಳುವುದು?

ಅವನು ಇಳಿದ ಕಳವಾ ಥಾಣೆಯ ಪಾಲಿಕೆಗೆ ಸೇರಿದ್ದು, ಅಲ್ಲಿ ಬಂದ್ ಇರಲಿಲ್ಲ. ಸ್ಟೇಷನ್ನಿನಿಂದ ಹೊರಬಿದ್ದು ಓಣಿಗಳಲ್ಲಿ ಕೆಸರು ತುಳಿದು ಹೋದರೆ ಕೋಳಿ ಅಂಗಡಿಯ ಮುಂದೆ ಜಾತ್ರೆ. ಕತ್ತರಿಸುವ ಕಟ್ಟೆಯ ಹಿಂದೆ ನಿಂತವನು ಕಲಬುರಗಿ ಕಡೆಯ ಮಾಪಣ್ಣ. ಧರ್ಮಪಾಲ ಆಡಿದ ತುಳು ಬೆರಕೆಯ ಹಿಂದಿಯಲ್ಲೇ ಕನ್ನಡದ ವಾಸನೆ ಹಿಡಿದು ಅವನು ಮುಖ ಅರಳಿಸಿದ. ಇವತ್ತು ಡೊಂಬಿವಲಿಯವರು, ವಿಠ್ಠಲವಾಡಿಯವರು ಎಲ್ಲ ಇಲ್ಲಿಗೇ ಬಂದಿದ್ದಾರೆ, ತಿನ್ನಬೇಡಿ ಎಂದು ಹೇಳಿದ ದಿನವೇ ಜನರಿಗೆ ಹಸಿವು ಹೆಚ್ಚು ಎಂದು ತಮಾಷೆ ಮಾಡಿದ. ಗೂಡಿನ ಮೂಲೆಯಲ್ಲಿದ್ದ ಕೆಂಪು ಹುಂಜವನ್ನು ಧರ್ಮಪಾಲ ತೋರಿಸಿದ. ಮಾಪಣ್ಣ ಅದರ ಕಾಲು ಹಿಡಿದು ಎತ್ತಿ ತೂಗುತ್ತ, ಮನೆಯಲ್ಲಿ ಹಬ್ಬವೇನೆಂದು ವಿಚಾರಿಸಿದ.

“ಮಗನಿಗೆ,” ಎಂದ ಧರ್ಮಪಾಲ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ.

“ಮಗಗ ಕೋಳಿ ಅಂದ್ರ ಭಾಳ ಸೇರತದೇನ್ರೀ ಕಾಕಾ?”

ಧರ್ಮಪಾಲ ಹೂಂ ಎಂದ. ಹುಂಜ ಒಮ್ಮೆ ರೆಕ್ಕೆ ಬಡಿಯಿತು. ಆಯುಷ್ಯವೆಲ್ಲ ಕೋಳಿಯನ್ನು ಕತ್ತರಿಸಿ ಬೇಯಿಸಿದವನು ಆವತ್ತು ಮುಖ ತಿರುಗಿಸಿ, ಗೋಡೆಗೆ ಅಂಟಿಸಿದ್ದ ಟ್ಯೂಷನ್ ಕ್ಲಾಸಿನ ಜಾಹೀರಾತನ್ನು ಓದುತ್ತ ನಿಂತ.

ವಾಪಸು ಬರುವ ಗಾಡಿಯಲ್ಲಿ ರಜೆಯ ದಿನವಾದ್ದರಿಂದ ಕೂರಲು ಜಾಗ ಸಿಕ್ಕಿತು. ಎದುರಿನವರು ಬೆಳಗ್ಗಿನ ಬಂದ್ ಬಗ್ಗೆಯೇ ಜಗಳ ಹಚ್ಚಿಕೊಂಡಿದ್ದರು. ಒಬ್ಬ, ಒಂದು ದಿನ ಬಿಟ್ಟರೆ ಸಾಯುತ್ತೀರಾ, ಪ್ರಾಣಿಗಳಿಗೂ ಒಂದು ದಿನ ಸ್ವಾತಂತ್ರ್ಯ ಸಿಗಲಿ ಎನ್ನುತ್ತಿದ್ದ. ಇನ್ನೊಬ್ಬ, ಇವತ್ತು ಕೋಳಿ ಬೇಡ ಅಂದವರು ನಾಳೆ ಬೊಂಬಿಲ್ ಮೀನು ಬೇಡ ಅನ್ನುತ್ತಾರೆ, ನಾಡಿದ್ದು ಬಿಲ್ಡಿಂಗಿನಲ್ಲಿ ನಾವೇ ಬೇಡ ಅನ್ನುತ್ತಾರೆ ಎಂದು ಸೀಟಿಗೆ ಗುದ್ದುತ್ತಿದ್ದ. ಎರಡೂ ಮಾತು ಧರ್ಮಪಾಲನಿಗೆ ಸರಿಯೆಂದೇ ಕಂಡವು, ಎರಡೂ ಅವನ ಕಷ್ಟಕ್ಕೆ ಒದಗಲಿಲ್ಲ. ಅವರು ಮಾತಾಡುತ್ತಿದ್ದದ್ದೆಲ್ಲ ಬದುಕಿರುವವರ ಬಾಯಿಯ ಬಗ್ಗೆ. ಕಾಲಿನ ನಡುವೆ ಇಟ್ಟುಕೊಂಡಿದ್ದ ಚೀಲ ಇನ್ನೂ ಬೆಚ್ಚಗಿತ್ತು. ಮುಂಬ್ರಾ ದಾಟುವಾಗ ಅವನಿಗೆ ಅಳು ಬಂತು, ಕಿಟಕಿಯಿಂದ ಎರಚಲು ಹೊಡೆಯುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಬಾಗಿ ಪುಂಡಿಗೆ ಅಕ್ಕಿ ಅರೆದಿಟ್ಟಿದ್ದಳು, ಕಾಯಿ ತುರಿದಿಟ್ಟಿದ್ದಳು. ಚೀಲ ಕೊಟ್ಟಾಗ ಇಸಿದುಕೊಂಡು ಒಳಗಿಟ್ಟಳು. ಗಸಿ ಮಾಡುವ ಕೆಲಸ ಮಾತ್ರ ಯಾವಾಗಲೂ ಧರ್ಮಪಾಲನದೇ. ಸತ್ತವರಿಗೆಂದು ಮಾಡಿದ್ದನ್ನು ಬದುಕಿದವರು ಮೊದಲು ನಾಲಿಗೆಗೆ ಹಚ್ಚಬಾರದು. ಬೇರೆ ದಿನಗಳಲ್ಲಿ ಸೌಟಿನ ತುದಿಯಿಂದ ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುವ ಅಡುಗೆಯವನು ಆಟಿಯ ದಿನ ಕೈಯ ಅಂದಾಜಿನ ಮೇಲೆಯೇ ನಡೆಯಬೇಕು. ಆ ಕೈಗೆ ಉಪ್ಪು ಗೊತ್ತಿತ್ತು. ಲಂಚ್ ಹೋಮಿನ ಹಂಡೆಯಲ್ಲಾಗಲಿ ಮನೆಯ ಚಟ್ಟಿಯಲ್ಲಾಗಲಿ ಅದು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಇಳಿಹೊತ್ತಿಗೆ ಗಸಿ ಕುದಿದು ಮನೆಯೆಲ್ಲ ಘಮಘಮ ಅನ್ನತೊಡಗಿತು. ಅಪ್ಪನ ಲೋಟಕ್ಕೆಂದು ಕಪಾಟಿನ ಹಿಂದೆ ಬಚ್ಚಿಟ್ಟಿದ್ದ ಬಾಟಲಿಯನ್ನೂ ಅವನು ಹೊರತೆಗೆದ. ಅದೂ ಬಂದ್ ಇರುವ ದಿನವೆಂಬುದನ್ನು ಅವನು ಮರೆಯುವವನಲ್ಲ.

ದೀಪ ಹಚ್ಚುವ ಹೊತ್ತಿಗೆ ನಿಶ್ಮಿತಾ ನೆನೆದುಕೊಂಡು ಬಂದಳು. ಹಾಲಿನ ಸೋಫಾವನ್ನು ಬದಿಗೆ ಸರಿಸಿ, ನೆಲ ಒರೆಸಿ, ಗೋಡೆಯುದ್ದಕ್ಕೆ ಎಲೆ ಹಾಸಿದಳು. ಅಜ್ಜನಿಗೆ, ಅಜ್ಜಿಗೆ, ದೊಡ್ಡಪ್ಪನಿಗೆ. ತುದಿಗೆ ಇನ್ನೊಂದನ್ನು ಹಾಸಿ ಅದರ ಅಂಚನ್ನು ಸುಮ್ಮನೆ ನೀವುತ್ತ ಕೂತಳು. ಧರ್ಮಪಾಲ ಅನ್ನ, ಪುಂಡಿ, ಮೀನು ಬಡಿಸಿಕೊಂಡು ಬಂದ. ಆಮೇಲೆ ಗಸಿಯ ಚಟ್ಟಿ ಹಿಡಿದು ಅಪ್ಪನ ಎಲೆಯಿಂದ ಶುರುಮಾಡಿದ. ತುದಿಯ ಎಲೆಯಲ್ಲಿ ಅನ್ನ, ಪುಂಡಿ ಮಾತ್ರ ಇದ್ದವು, ಅಲ್ಲಿಗೆ ಮೀನು ಹಾಕಲು ಅವನ ಕೈ ಮುಂದಾಗಿರಲಿಲ್ಲ. ಈಗ ಗಸಿ ತುಂಬಿದ ಸೌಟು ಅದರ ಮೇಲೆ ಬಂದು ನಿಂತಿತು. ಮಗಗ ಭಾಳ ಸೇರತದೇನ್ರೀ ಎಂಬ ಮಾತು ಕಿವಿಯಲ್ಲೇ ಇತ್ತು.

“ನಿಲ್ಲಿ,” ಎಂದಳು ಬಾಗಿ. “ನಿಮಗೆ ಒಂದು ಹೇಳ್ಲಿಕ್ಕುಂಟು. ಹೇಳಿದ ಮೇಲೆ ನಿಮ್ಮ ಇಷ್ಟ.”

ಅವಳು ನೆಲದ ಮೇಲೆ ಕೂತೇ ಹೇಳಿದಳು, ಅವನ ಮುಖ ನೋಡದೆ. ಹೋದ ವರ್ಷದ ಆಟಿಯಲ್ಲಿ, ಅಪ್ಪ ಮಗ ಮಾತು ಬಿಟ್ಟಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ ಧರ್ಮಪಾಲ ಮನೆಯಲ್ಲಿಲ್ಲದಾಗ ಮನೀಶ ಅಡುಗೆಮನೆಗೆ ಬಂದು ಕೋಳಿ ಗಸಿ ಮಾಡುವುದನ್ನು ಕಲಿಸು ಎಂದನಂತೆ. ಬಾಗಿ ನಕ್ಕಳಂತೆ, ಹಿಡಿದ ವ್ರತ ಮುರಿಯಿತಾ ಎಂದು. ತಿನ್ನುವುದಕ್ಕಲ್ಲ ಎಂದ. ಮೂಗಿಗೆ ಕರ್ಚೀಫು ಕಟ್ಟಿಕೊಂಡು ಮೆಣಸು, ಕೊತ್ತಂಬರಿ ಹುರಿಯುವುದನ್ನು ಕಲಿತ. ಕೋಳಿಯ ತುಂಡು ತೊಳೆಯುವಾಗ ಹೊರಗೆ ಹೋಗಿ ವಾಂತಿ ಮಾಡಿಕೊಂಡು ಬಂದು ಮತ್ತೆ ತೊಳೆದ. ಯಾಕಿಷ್ಟು ಕಷ್ಟ ಮಗಾ ಎಂದು ಅವಳು ಕೇಳಿದ್ದಕ್ಕೆ ಅವನು ಹೇಳಿದ್ದನ್ನು ಬಾಗಿ ಅವನದೇ ಮಾತಿನಲ್ಲಿ ಒಪ್ಪಿಸಿದಳು.

“‘ಪಪ್ಪ ಎಲ್ಲರ ಎದುರು ಕೇಳಿದ್ರು, ನಾನು ಸ್ಟೇಜಿನ ಮೇಲೆ ಉತ್ತರ ಕೊಟ್ಟೆ. ಚಪ್ಪಾಳೆ ಬಿತ್ತು. ಆದ್ರೆ ಅಮ್ಮ, ಪಪ್ಪನ ಎಲೆಗೆ ಉತ್ತರ ಬಡಿಸ್ಲಿಕ್ಕೆ ಆಗ್ತದಾ? ಅವರಿಗೆ ಬೇಕಾದ್ದು ನಾನೇ ಮಾಡಿ ಬಡಿಸ್ತೇನೆ. ಈಗ್ಲೇ ಹೇಳ್ಬೇಡ, ಗೆದ್ದೆ ಅಂತ ಕುಣೀತಾರೆ.’ ಹಾಗೆ ಹೇಳಿದ್ದ. ನಾನು ಹೇಳ್ಲಿಲ್ಲ. ಆಮೇಲೆ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ.”

ಸೌಟಿನಿಂದ ಒಂದು ಹನಿ ನೆಲದ ಮೇಲೆ ಬಿತ್ತು. ನಿಶ್ಮಿತಾ ಅದನ್ನು ಸೀರೆಯ ತುದಿಯಿಂದ ಒರೆಸಿದಳು. ಧರ್ಮಪಾಲ ಚಟ್ಟಿಯನ್ನು ಕೆಳಗಿಟ್ಟು ಹಾಗೇ ಕುಕ್ಕರುಗಾಲಿನಲ್ಲಿ ಕೂತ. ಅವನು ಕೇಳಿದ್ದು ಒಂದೇ, ಬೇರೆ ಬಡಿಸಿದರೆ ಈ ಹಿರಿಯರು ಅವನನ್ನು ಪಕ್ಕ ಕೂರಿಸಿಕೊಳ್ಳುತ್ತಾರಾ ಎಂದು. ತಿಂಗಳಿಡೀ ಅವನನ್ನು ತಿಂದದ್ದು ಇದು ಎಂದು ಬಾಗಿಗೆ ಆಗಲೇ ಅರ್ಥವಾದದ್ದು. ಅವಳು ಮಾವನ ಎಲೆಯ ಕಡೆಗೊಮ್ಮೆ, ಅತ್ತೆಯ ಎಲೆಯ ಕಡೆಗೊಮ್ಮೆ ನೋಡಿದಳು.

“ಮನೆಯ ಮಗುವಿಗೆ ಬೇಯುವವರೆಗೆ ಕಾಯದ ಹಿರಿಯರು ಎಂಥ ಹಿರಿಯರು? ಕಾಯ್ತಾರೆ. ನೀವು ಏಳಿ.”

ಫ್ರಿಜ್ಜಿನಲ್ಲಿ ತೊಂಡೆಕಾಯಿ ಇತ್ತು. ಬೆಳಿಗ್ಗೆಯೇ ತಂದು, ಸೀಳಿ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಳು ಬಾಗಿ, ಗಂಡ ಹಟ ಬಿಡದಿದ್ದರೆ ಕದ್ದಾದರೂ ಒಂದು ಚಮಚ ಆ ಎಲೆಗೆ ಹಾಕುವ ಎಣಿಕೆಯಲ್ಲಿ. ನಾನು ಮಾಡುತ್ತೇನೆ ಎಂದು ಅವಳು ಮುಂದೆ ಬಂದರೆ ಧರ್ಮಪಾಲ ಬಿಡಲಿಲ್ಲ. ಬೇರೆ ಬಾಣಲೆ ತೊಳೆದ. ಒಗ್ಗರಣೆ ಹಾಕಿದ, ತೊಂಡೆಕಾಯಿ ಸುರಿದ, ಮುಚ್ಚಿ ಬೇಯಿಸಿದ, ಹುರಿದ ಮಸಾಲೆ, ಕಾಯಿತುರಿ, ಸ್ವಲ್ಪ ಬೆಲ್ಲ. ಮಗನಿಗೆ ಚಿಕ್ಕಂದಿನಿಂದ ಬೆಲ್ಲದ ಆಸೆ. ಸೌಟು ತಿರುವುತ್ತಿದ್ದ ಅವನ ಬಾಯಿಂದ ಏನೇನೋ ಮಾತು ಬರುತ್ತಿತ್ತು, ಆಸ್ಪತ್ರೆಯ ಮಂಚದ ಪಕ್ಕ ನಿಂತವನ ಹಾಗೆ. ಆಯ್ತು, ಇನ್ನೊಂದು ಗಳಿಗೆ, ಬಿಸಿಬಿಸಿ ತರ್ತೇನೆ ಎನ್ನುತ್ತಿದ್ದ. ಬಾಗಿಲಲ್ಲಿ ನಿಂತ ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ರುಚಿ ನೋಡುವಂತಿರಲಿಲ್ಲ, ನೋಡಲೂ ಇಲ್ಲ. ತಂದು ತುದಿಯ ಎಲೆಯ ಮೇಲೆ ಅನ್ನದ ಪಕ್ಕ ಬಡಿಸಿದ, ಮಗ ಉಣ್ಣುತ್ತಿದ್ದುದಕ್ಕಿಂತ ಎರಡರಷ್ಟು.

ಮೂವರೂ ಕೈ ಮುಗಿದು ಬಾಗಿಲೆಳೆದುಕೊಂಡು ಹೊರಗೆ ಬಂದರು. ಊರಲ್ಲಾದರೆ ಅಂಗಳವಿರುತ್ತದೆ, ಇಲ್ಲಿ ಮೂರನೇ ಮಹಡಿಯ ಕಾರಿಡಾರು. ಚಪ್ಪಲಿ ಸ್ಟ್ಯಾಂಡು, ಪಕ್ಕದ ಮನೆಯವರ ತುಳಸಿ, ಒಣಗದ ಕೊಡೆಗಳು. ಎದುರು ಮನೆಯ ಮರಾಠಿ ಹೆಂಗಸು ಕಸದ ಬುಟ್ಟಿ ಇಡಲು ಬಂದವಳು, ಮೂವರೂ ಮುಚ್ಚಿದ ಬಾಗಿಲ ಮುಂದೆ ನಿಂತದ್ದು ನೋಡಿ, ಚಾವಿ ಒಳಗೆ ಉಳಿಯಿತೇ ಎಂದು ಕೇಳಿದಳು. ಹೌದು ಎಂದಳು ಬಾಗಿ. ಒಳಗೆ ಯಾರಾದರೂ ಇದ್ದಾರಾ ಎಂದು ಅವಳು ಮತ್ತೆ ಕೇಳಿದಳು. ಇದ್ದಾರೆ, ಈಗ ತೆಗೆಯುತ್ತಾರೆ ಎಂದ ಧರ್ಮಪಾಲ. ಕೆಳಗೆ ಕಾಂಪೌಂಡಿನಲ್ಲಿ ಬೆಳಗ್ಗಿನ ಧ್ವಜಾರೋಹಣದ ಸ್ಪೀಕರು ಇನ್ನೂ ಹಾಡುತ್ತಿತ್ತು.

ಸಾಕಷ್ಟು ಹೊತ್ತು ಬಿಟ್ಟು, ಒಳಗಿರುವವರಿಗೆ ತಿಳಿಯಲಿ ಎಂದು ಬಾಗಿಲನ್ನು ಮೆಲ್ಲಗೆ ತಟ್ಟಿ ತೆರೆದರು. ದೀಪ ಉರಿಯುತ್ತಿತ್ತು. ಎಲೆಗಳು ಬಡಿಸಿದ ಹಾಗೇ ಇದ್ದವು, ಇರುವುದೇ ಹಾಗೆ. ಪ್ರತಿ ವರ್ಷ ಅಪ್ಪನ ಎಲೆಗೆ ಕೂರುವ ಧರ್ಮಪಾಲ ಈ ಸಲ ನಿಶ್ಮಿತಾಳನ್ನು ಅಲ್ಲಿಗೆ ಕಳಿಸಿ ತಾನು ತುದಿಯ ಎಲೆಯ ಮುಂದೆ ಕೂತ. ಗಸಿಯ ಚಟ್ಟಿಯನ್ನು ಬಾಗಿ ಅವನ ಕಡೆ ಸರಿಸಿದರೆ ಬೇಡವೆಂದು ತಲೆಯಾಡಿಸಿದ. ಅನ್ನಕ್ಕೆ ತೊಂಡೆಕಾಯಿ ಕಲಸಿ ತುತ್ತು ಬಾಯಿಗಿಟ್ಟ.

ಅಗಿಯುತ್ತಿದ್ದ ದವಡೆ ನಿಂತಿತು. ಮತ್ತೆ ನಿಧಾನವಾಗಿ ಅಗಿದು ನುಂಗಿದ. ಎರಡನೆಯ ತುತ್ತು ಕಲಸಿದ. ಬಾಗಿ ಪಕ್ಕದಿಂದ ಕೈ ಚಾಚಿ ಅವನ ಎಲೆಯಿಂದ ಒಂದು ಹೋಳು ತೆಗೆದು ಬಾಯಿಗೆ ಹಾಕಿಕೊಂಡಳು. ನಿಶ್ಮಿತಾ ಅಮ್ಮನ ಮುಖ ನೋಡಿ ಅರ್ಥ ಮಾಡಿಕೊಂಡು, ಉಪ್ಪಿನ ಭರಣಿ ತರಲು ಎದ್ದಳು. ಧರ್ಮಪಾಲ ಎಡಗೈ ಎತ್ತಿ ಅವಳನ್ನು ತಡೆದ.

“ಉಪ್ಪು ಹಾಕ್ಲಿಕ್ಕೆ ಮರ್ತೆ ಬಾಗಿ,” ಎಂದ. “ಅವ ಒಂದು ಮಾತು ಹೇಳದೆ ಉಂಡು ಹೋದ.”

ಬಾಗಿ ತನ್ನ ಎಲೆಯನ್ನು ಬಿಟ್ಟು ಅವನ ಪಕ್ಕಕ್ಕೆ ಸರಿದು ಕೂತಳು. ಅನ್ನದ ಒಂದು ಅಗುಳೂ ಉಳಿಯದ ಹಾಗೆ ಇಬ್ಬರೂ ಸೇರಿ ಆ ಎಲೆಯನ್ನು ಉಂಡು ಮುಗಿಸಿದರು.